ತಮಟೆ ಏಟಿಗೆ ಕತ್ತಿ ಬೀಸಿದರೆ: ಅನಿಮೆ ನೋಡುವುದೂ ಎಎಂವಿ ಮಾಡುವುದೂ

ಮಂಡ್ಯದ ನೂರಡಿ ರಸ್ತೆಯ ಹತ್ತಿರ ನಮ್ಮಕ್ಕನ ಮಗ ಮದುವೆ ವಿಡಿಯೋ ಮಿಕ್ಸಿಂಗ್ ಮಾಡುತ್ತಾನೆ. ಹಗಲೆಲ್ಲ ಧಾರೆ, ಆರತಕ್ಷತೆ, ಬೀಗರೂಟ. ರಾತ್ರಿ ಊಟ ಆದಮೇಲೆ ಅದೇ ಕಂಪ್ಯೂಟರಿನಲ್ಲಿ ಜಪಾನಿನ ಕಾರ್ಟೂನು ಹಾಕಿಕೊಳ್ಳುತ್ತಾನೆ. ಅದನ್ನು ಚೂರು ಚೂರು ಕತ್ತರಿಸಿ ಯಾವುದೋ ಹಾಡಿಗೆ ಜೋಡಿಸುತ್ತಾ ಕೂರುತ್ತಾನೆ. ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಅದೇ ಕಾರ್ಟೂನನ್ನು ಕಾಲು ಚಾಚಿಕೊಂಡು ಸುಮ್ನೆ ನೋಡುತ್ತೇನೆ.

"ಏನ್ ಮಾವ, ಇನ್ನೂ ಬರೀ ನೋಡ್ತಾನೇ ಇದ್ದೀರಾ?" ಅಂತ ಅವನು ಫೋನಿನಲ್ಲಿ ಕೇಳುತ್ತಾನೆ. ನೋಡುವುದು ಒಂದನೇ ಕ್ಲಾಸು, ಮಾಡುವುದು ಎಸ್ಸೆಲ್ಸಿ ಅನ್ನುವ ಧಾಟಿ ಆ ಮಾತಿನಲ್ಲಿ ಇದ್ದೇ ಇರುತ್ತದೆ.

ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಮೊದಲು ನೋಡ್ತೀವಿ, ಹುಚ್ಚು ಜಾಸ್ತಿ ಆದಾಗ ವಿಡಿಯೋ ಮಾಡ್ತೀವಿ ಅಂತ. ನನಗೆ ಇದು ಒಪ್ಪಿಗೆ ಇಲ್ಲ. ಅವನ ಪಕ್ಕ ಕೂತು ಎರಡು ಮೂರು ಸಲ ಆ ಕೆಲಸ ನೋಡಿದ್ದೇನೆ. ಒಮ್ಮೆ ನಾನೇ ಕೈ ಹಾಕಿ ಕೆಡಿಸಿದ್ದೂ ಇದೆ. ಎರಡೂ ಬೇರೆ ಬೇರೆ ಕಸುಬು ಅಂತ ನನಗೆ ಗೊತ್ತಾಗಿದ್ದು ಆಗಲೇ. ನೋಡುವವನು ಕಥೆಯ ಹಿಂದೆ ಹೋಗುತ್ತಾನೆ. ಮಾಡುವವನು ಹಾಡಿನ ಹಿಂದೆ ಹೋಗುತ್ತಾನೆ. ಒಬ್ಬನಿಗೆ ತಾಳ್ಮೆ ಬೇಕು, ಇನ್ನೊಬ್ಬನಿಗೆ ಕಿವಿ ಬೇಕು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಅನಿಮೆ ಅಂದರೆ ಜಪಾನಿನಲ್ಲಿ ತಯಾರಾದ ಆನಿಮೇಷನ್. ನಮ್ಮ ಮನೆ ಮಕ್ಕಳು ಊಟ ಮಾಡುವಾಗ ನೋಡುವ ಡೋರೇಮಾನ್ ಕೂಡ ಅನಿಮೆಯೇ. ಆದರೆ ಅಲ್ಲಿ ದೊಡ್ಡವರಿಗೆ ಅಂತಲೇ ಬೇಕಾದಷ್ಟು ಬರುತ್ತದೆ. ಪತ್ತೇದಾರಿ, ಪ್ರೇಮ, ಯುದ್ಧ, ಆಫೀಸಿನ ಗೋಳು, ಅಡುಗೆ, ಎಲ್ಲ ಇದೆ. ಎಎಂವಿ ಅಂದರೆ ಅನಿಮೆ ಮ್ಯೂಸಿಕ್ ವಿಡಿಯೋ. ಅಭಿಮಾನಿಯೊಬ್ಬ ಅನಿಮೆಯ ದೃಶ್ಯಗಳನ್ನು ಆಯ್ದು, ಕತ್ತರಿಸಿ, ತನಗೆ ಇಷ್ಟವಾದ ಹಾಡಿನ ಮೇಲೆ ಕೂರಿಸಿ ಮಾಡುವ ಮೂರು ನಾಲ್ಕು ನಿಮಿಷದ ವಿಡಿಯೋ. ಚಿತ್ರ ಬರೆದವರು ಯಾರೋ. ಹಾಡು ಹಾಡಿದವರು ಯಾರೋ. ಯಾವ ಚಿತ್ರ ಹಾಡಿನ ಯಾವ ಜಾಗಕ್ಕೆ ಬೀಳಬೇಕು ಅನ್ನುವುದಷ್ಟೇ ಇವನದು.

"ಅಷ್ಟೇನಾ? ಇದರಲ್ಲಿ ಏನು ಹೆಚ್ಚುಗಾರಿಕೆ?" ಅಂತ ನಮ್ಮ ಭಾವ ಕೇಳಿದ್ದುಂಟು. ಅವರಿಗೆ ಗಮಕ ಇಷ್ಟ. ಹಾಗಾಗಿ ಉತ್ತರ ಸುಲಭವಾಯಿತು. ಗಮಕಿ ಕೂತು ಕುಮಾರವ್ಯಾಸ ಭಾರತ ಓದುವಾಗ ಪದ್ಯ ಅವರದ್ದಲ್ಲ, ಹದಿನೈದನೇ ಶತಮಾನದ್ದು. ರಾಗವೂ ಅವರು ಕಟ್ಟಿದ್ದಲ್ಲ. ಈ ಷಟ್ಪದಿಗೆ ಯಾವ ರಾಗ, ಯಾವ ಪದವನ್ನು ಎರಡು ಸಲ ಹೇಳಬೇಕು, ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಬೇಕು ಅನ್ನುವುದು ಮಾತ್ರ ಅವರದು. ಕರ್ಣನ ಒಂದೇ ಪದ್ಯವನ್ನು ಇಬ್ಬರು ಗಮಕಿಗಳ ಬಾಯಲ್ಲಿ ಕೇಳಿ ನೋಡಿ. ಒಬ್ಬರಲ್ಲಿ ಕರ್ಣನಿಗೆ ಸಿಟ್ಟು ಬಂದಿರುತ್ತದೆ, ಇನ್ನೊಬ್ಬರಲ್ಲಿ ದುಃಖ. ಅಕ್ಷರ ಒಂದೂ ಬದಲಾಗಿಲ್ಲ ಅಲ್ವಾ? ಎಎಂವಿ ಕೆಲಸ ಇದಕ್ಕೆ ಹತ್ತಿರ. ಭಾವ ಪೂರ್ತಿ ಒಪ್ಪಲಿಲ್ಲ. ಆದರೆ ಆಮೇಲಿಂದ ಮಗನಿಗೆ ಬೈಯುವುದು ಸ್ವಲ್ಪ ಕಡಿಮೆ ಆಯಿತು.

ಈ ಹವ್ಯಾಸಕ್ಕೆ 40 ವರ್ಷಕ್ಕಿಂತ ಜಾಸ್ತಿ ವಯಸ್ಸು. ಮೊದಲ ಎಎಂವಿ ಅಂತ ಸಾಮಾನ್ಯವಾಗಿ ಹೇಳುವುದು 1982ರಲ್ಲಿ ಅಮೆರಿಕದ ಜಿಮ್ ಕಪೋಸ್ತಾಸ್ ಎಂಬಾತ ಮಾಡಿದ್ದನ್ನು. ಆತ ಎರಡು ವಿಸಿಆರ್ ಜೋಡಿಸಿಕೊಂಡ. 'ಸ್ಟಾರ್ ಬ್ಲೇಜರ್ಸ್' ಅನ್ನುವ ಬಾಹ್ಯಾಕಾಶ ಯುದ್ಧದ ಅನಿಮೆಯಿಂದ ಹೊಡೆದಾಟ, ಸಿಡಿತ ಇರುವ ತುಣುಕುಗಳನ್ನು ಆರಿಸಿದ. ಅದರ ಮೇಲೆ ಬೀಟಲ್ಸ್ ತಂಡದ 'ಆಲ್ ಯು ನೀಡ್ ಈಸ್ ಲವ್' ಹಾಕಿದ. ಹಾಡು ಪ್ರೀತಿಯೊಂದೇ ಸಾಕು ಅನ್ನುತ್ತಿದೆ, ತೆರೆಯ ಮೇಲೆ ಹಡಗುಗಳು ಪುಡಿಪುಡಿ ಆಗುತ್ತಿವೆ. ಇಡೀ ಕಸುಬಿನ ಮೊದಲ ಪಾಠ ಆ ಒಂದು ತಮಾಷೆಯಲ್ಲೇ ಇದೆ. ಚಿತ್ರವೂ ಹಾಡೂ ಒಂದೇ ಮಾತು ಹೇಳಬೇಕಾಗಿಲ್ಲ. ಎರಡೂ ತಿಕ್ಕಾಡಿದಾಗ ಮೂರನೆಯದೊಂದು ಅರ್ಥ ಹುಟ್ಟುತ್ತದೆ. ಜಪಾನಿನಲ್ಲೂ ಇದೇ ಥರದ ಕೆಲಸ ಬೇರೆಯಾಗಿ ಬೆಳೆಯಿತು. ಅಲ್ಲಿ ಅದಕ್ಕೆ ಮ್ಯಾಡ್ ಅಂತ ಹೆಸರು.

ಎರಡು ವಿಸಿಆರ್ ಕಾಲದ ಕಷ್ಟ ಮದುವೆ ವಿಡಿಯೋದವರಿಗೆ ಚೆನ್ನಾಗಿ ಗೊತ್ತು. ಒಂದರಲ್ಲಿ ಪ್ಲೇ, ಇನ್ನೊಂದರಲ್ಲಿ ರೆಕಾರ್ಡ್. ಬಟನ್ ಒತ್ತಿದ ತಕ್ಷಣ ಟೇಪು ಓಡುವುದಿಲ್ಲ, ಸ್ವಲ್ಪ ಯೋಚನೆ ಮಾಡಿ ಓಡುತ್ತದೆ. ಆ 'ಸ್ವಲ್ಪ' ಎಷ್ಟು ಅಂತ ಬೆರಳಿಗೆ ಗೊತ್ತಿರಬೇಕು. ಕಾಪಿಯಿಂದ ಕಾಪಿ ತೆಗೆದಷ್ಟೂ ಚಿತ್ರ ಮಂಕು. ತೊಂಬತ್ತರ ದಶಕದ ಮದುವೆ ಕ್ಯಾಸೆಟ್ಟುಗಳಲ್ಲಿ ಗುಲಾಬಿ ಹೂವಿನಿಂದ ಗಂಡು, ಹೃದಯದ ಆಕಾರದಿಂದ ಹೆಣ್ಣು ಹೊರಗೆ ಬರುತ್ತಿದ್ದರಲ್ಲ, ಅದೂ ಒಂಥರಾ ಎಎಂವಿನೇ. ಕಂಪ್ಯೂಟರ್ ಬಂದಮೇಲೆ ಆದ ದೊಡ್ಡ ಬದಲಾವಣೆ ಒಂದೇ: ತಪ್ಪು ಮಾಡಿದರೆ ವಾಪಸ್ ಹೋಗಬಹುದು.

ಈಗ ಮುಖ್ಯ ಪ್ರಶ್ನೆ. ಇದನ್ನು ಅನಿಮೆಯಲ್ಲೇ ಯಾಕೆ ಮಾಡುತ್ತಾರೆ? ಸಿನಿಮಾ ತುಣುಕಿನಲ್ಲೂ ಮಾಡಬಹುದು, ಮಾಡುತ್ತಾರೆ ಕೂಡ. ಆದರೆ ಅನಿಮೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅದಕ್ಕೆ ಮೂಲ ಕಾರಣ ದುಡ್ಡಿನ ಉಳಿತಾಯ ಅಂದರೆ ನಗು ಬರಬಹುದು.

ಸಿನಿಮಾ ಸೆಕೆಂಡಿಗೆ 24 ಚಿತ್ರ ತೋರಿಸುತ್ತದೆ. ಒಂದೊಂದಕ್ಕೂ ಫ್ರೇಮ್ ಅನ್ನುತ್ತಾರೆ. ಕೈಯಲ್ಲಿ ಬರೆಯುವ ಆನಿಮೇಷನ್‌ನಲ್ಲಿ ಅಷ್ಟನ್ನೂ ಬೇರೆ ಬೇರೆ ಬರೆಯಬೇಕು ಅಂದರೆ ಮನೆ ಮಾರಬೇಕು. ಜಪಾನಿನ ಕಾಮಿಕ್ಸ್ ಕಲಾವಿದ ಒಸಾಮು ತೆಜುಕ ಅವರ ಸ್ಟುಡಿಯೋ 1963ರಲ್ಲಿ ಟಿವಿಗಾಗಿ ವಾರಕ್ಕೊಂದು ಕಂತು ಕೊಡಲು ಹೊರಟಾಗ ಇದೇ ಸಮಸ್ಯೆ ಬಂತು. ಅವರು ಹಿಡಿದ ದಾರಿ ಇದು: ಒಂದೇ ಚಿತ್ರವನ್ನು ಮೂರು ಫ್ರೇಮ್ ಹಾಗೇ ನಿಲ್ಲಿಸುವುದು. ಅಂದರೆ ಸೆಕೆಂಡಿಗೆ 8 ಚಿತ್ರ ಸಾಕು. ಮುಖ ಅಲ್ಲಾಡದಿದ್ದರೂ ಪರವಾಗಿಲ್ಲ, ಬಾಯಿ ಮಾತ್ರ ಅಲ್ಲಾಡಲಿ. ನಿಂತ ಚಿತ್ರದ ಮೇಲೆ ಕ್ಯಾಮೆರಾ ಸರಿಯಲಿ, ಓಡಿದ ಹಾಗೆ ಕಾಣುತ್ತದೆ. ಆಮೇಲೆ ಇದು ಕೊರತೆ ಅನ್ನಿಸದೆ ಒಂದು ಶೈಲಿಯೇ ಆಯಿತು.

ಈ ಉಳಿತಾಯ ಎಎಂವಿ ಮಾಡುವವನಿಗೆ ವರ. ಹೇಗೂ ನಿಂತಿರುವ ಚಿತ್ರವನ್ನು ಇನ್ನೂ ನಾಲ್ಕು ಫ್ರೇಮ್ ಜಾಸ್ತಿ ನಿಲ್ಲಿಸಿದರೆ ಯಾರಿಗೂ ತಿಳಿಯುವುದಿಲ್ಲ. ನಿಜವಾದ ನಟನ ಮುಖವನ್ನು ಹಾಗೆ ನಿಲ್ಲಿಸಿ ನೋಡಿ, ಟಿವಿ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಬಾಯಿಯ ವಿಷಯ ಇನ್ನೂ ಚೆಂದ. ಮಾಮೂಲಿ ಅನಿಮೆಯಲ್ಲಿ ಮಾತಾಡುವ ಬಾಯಿಗೆ ಹೆಚ್ಚೂಕಡಿಮೆ ಮೂರೇ ಚಿತ್ರ. ಮುಚ್ಚಿದ್ದು, ಅರ್ಧ ತೆರೆದಿದ್ದು, ಪೂರ್ತಿ ತೆರೆದಿದ್ದು. ಇವನ್ನೇ ಮತ್ತೆ ಮತ್ತೆ ತಿರುಗಿಸುತ್ತಾರೆ. ಹಾಗಾಗಿ ಆ ಬಾಯಿ ಯಾವ ಭಾಷೆಯನ್ನು ಬೇಕಾದರೂ ಆಡುತ್ತದೆ. ಮೂರು ಚಿತ್ರದ ಕ್ರಮ ಬದಲಾಯಿಸಿದರೆ ಜಪಾನಿನ ಹುಡುಗಿ ಕನ್ನಡ ಹಾಡು ಹಾಡಿಬಿಡುತ್ತಾಳೆ. ಒಂದು ತೊಡಕಿದೆ. ಅದನ್ನು ನಮ್ಮ ಹುಡುಗನೇ ಕಂಡುಕೊಂಡಿದ್ದು. ಇಂಗ್ಲಿಷ್ ಹಾಡಿನ ಸಾಲು ಹೆಚ್ಚಾಗಿ ವ್ಯಂಜನದಲ್ಲಿ ನಿಲ್ಲುತ್ತದೆ, ಬಾಯಿ ಮುಚ್ಚಿದರೂ ನಡೆಯುತ್ತದೆ. ಕನ್ನಡದ ಪದ ಬಹುಪಾಲು ಸ್ವರದಲ್ಲಿ ಮುಗಿಯುತ್ತದೆ. "ಬಾ", "ನೀನೇ", "ಮನವೇ". ಸಾಲು ಮುಗಿದರೂ ಬಾಯಿ ತೆರೆದೇ ಇರಬೇಕು, ನಿಧಾನಕ್ಕೆ ಮುಚ್ಚಬೇಕು. ಇಂಗ್ಲಿಷ್ ಎಎಂವಿ ನೋಡಿ ಕಲಿತ ಅಭ್ಯಾಸದಲ್ಲಿ ಅವನು ಬಾಯಿ ಬೇಗ ಮುಚ್ಚಿಸುತ್ತಿದ್ದ. ಹಾಡುವವಳ ಉಸಿರು ಕಟ್ಟಿದ ಹಾಗೆ ಕಾಣುತ್ತಿತ್ತು.

ಲೆಕ್ಕದ ಮಾತು

ಇಲ್ಲಿ ಸ್ವಲ್ಪ ಗಣಿತ ಬರುತ್ತದೆ. ಓಡಬೇಡಿ, ಮಗ್ಗಿಯಷ್ಟೇ.

ಹಾಡಿನ ವೇಗವನ್ನು ನಿಮಿಷಕ್ಕೆ ಎಷ್ಟು ಬೀಟ್ ಅಂತ ಅಳೆಯುತ್ತಾರೆ. 120 ಬೀಟ್ ಇದ್ದರೆ ಅರ್ಧ ಸೆಕೆಂಡಿಗೆ ಒಂದು ಬೀಟ್, ಅಂದರೆ ಸರಿಯಾಗಿ 12 ಫ್ರೇಮ್. ಬಹಳ ಸುಖ. ಅದೇ ಹಾಡು 100 ಬೀಟ್ ಆದರೆ ಒಂದು ಬೀಟಿಗೆ 14.4 ಫ್ರೇಮ್. ಅರ್ಧ ಫ್ರೇಮು, ಕಾಲು ಫ್ರೇಮು ಅಂತ ಯಾವುದೂ ಇಲ್ಲವಲ್ಲ. ಸೋಮಾರಿತನದಿಂದ 14, 14 ಅಂತ ಕತ್ತರಿಸುತ್ತಾ ಹೋದರೆ ಹತ್ತು ಬೀಟ್ ಆಗುವಷ್ಟರಲ್ಲಿ ನಾಲ್ಕು ಫ್ರೇಮ್ ತಪ್ಪಿರುತ್ತದೆ. ಸೆಕೆಂಡಿನ ಆರನೇ ಒಂದು ಭಾಗ. ಕೇಳೋಕೆ ಏನೂ ಅಲ್ಲ. ನೋಡುವಾಗ ಮಾತ್ರ ಬ್ಯಾಂಡಿನವರ ಹಿಂದೆ ತಪ್ಪು ಹೆಜ್ಜೆ ಹಾಕುವವನ ಹಾಗೆ ಕಾಣುತ್ತದೆ.

ಮೂರೂವರೆ ನಿಮಿಷದ ಹಾಡು ಅಂದರೆ 210 ಸೆಕೆಂಡು, 5,040 ಫ್ರೇಮ್. ಒಂದೂವರೆ ಸೆಕೆಂಡಿಗೊಂದು ಕಟ್ ಅಂದುಕೊಂಡರೂ 140 ತುಣುಕು ಬೇಕು. ಪ್ರತಿ ತುಣುಕಿಗೂ ಎಲ್ಲಿ ಶುರು, ಎಲ್ಲಿ ಮುಗಿತು, ಮುಂದಿನದರ ಜೊತೆ ಹೊಂದುತ್ತಾ ಅಂತ ನೋಡಬೇಕು. ಅವನ ಒಂದು ವಿಡಿಯೋ ಎರಡು ತಿಂಗಳು ತಿಂದಿದ್ದು ನನಗೆ ಗೊತ್ತು. ಮದುವೆ ಸೀಸನ್ನಿನಲ್ಲಿ ಶುರು ಮಾಡಿದ್ದು ಆಷಾಢದಲ್ಲಿ ಮುಗಿಯಿತು.

ಮದುವೆ ಮಿಕ್ಸಿಂಗ್ ಕೆಲಸ ಅವನಿಗೆ ಒಂದು ಪೆಟ್ಟನ್ನೂ ಕೊಟ್ಟಿದೆ. ನಮ್ಮ ದೇಶದ ಟಿವಿ ಪದ್ಧತಿ ಸೆಕೆಂಡಿಗೆ 25 ಫ್ರೇಮ್. ಅವನ ಅಂಗಡಿಯ ಕಂಪ್ಯೂಟರಿನಲ್ಲಿ ಎಲ್ಲ ಕೆಲಸವೂ 25ರಲ್ಲೇ ತೆರೆದುಕೊಳ್ಳುವ ಹಾಗೆ ಇಟ್ಟಿದ್ದರು. 24ರ ಅನಿಮೆಯನ್ನು ಅದರೊಳಗೆ ಸುರಿದ. ಏನಾಗಬೇಕು? ಸೆಕೆಂಡಿಗೆ ಒಂದು ಫ್ರೇಮ್ ಕಡಿಮೆ ಬಿತ್ತು. ಕಂಪ್ಯೂಟರ್ ಯಾವುದಾದರೂ ಒಂದನ್ನು ಎರಡು ಸಲ ತೋರಿಸಿ ಲೆಕ್ಕ ಸರಿಮಾಡಿತು. ನಿಂತ ಚಿತ್ರದಲ್ಲಿ ಗೊತ್ತಾಗಲಿಲ್ಲ. ಕ್ಯಾಮೆರಾ ಉದ್ದಕ್ಕೆ ಸರಿಯುವ ದೃಶ್ಯದಲ್ಲಿ ಮಾತ್ರ ಸೆಕೆಂಡಿಗೊಂದು ಸಲ ಬಿಕ್ಕಳಿಕೆ. ಒಂದು ವಾರ ಹಾರ್ಡ್‌ಡಿಸ್ಕಿಗೆ ಬೈದುಕೊಂಡ. ಆಮೇಲೆ ಗೊತ್ತಾಯಿತು.

ಬೀಟಿಗೆ ಸರಿಯಾಗಿ ಕತ್ತರಿಸಿದರೆ ಮುಗಿಯಿತಾ? ಇಲ್ಲ. ಅವನು ಬೇಕಂತಲೇ ಒಂದು ಫ್ರೇಮ್ ಮುಂಚೆ ಕತ್ತರಿಸುತ್ತಾನೆ. ಯಾಕೆ ಅಂದರೆ "ಹಂಗೇ ಚೆನ್ನಾಗ್ ಕಾಣ್ಸುತ್ತೆ ಮಾವ" ಅಂದ. ಇದಕ್ಕೆ ನಿಜವಾದ ಕಾರಣ ಇದೆ. ಶ್ರೀರಂಗಪಟ್ಟಣದಲ್ಲಿ ಹೊಳೆ ಆಚೆ ದಡದಲ್ಲಿ ಯಾರಾದರೂ ಬಟ್ಟೆ ಒಗೆಯುವುದನ್ನು ನೋಡಿದ್ದೀರಾ? ಬಟ್ಟೆ ಕಲ್ಲಿಗೆ ಬೀಳುವುದು ಮೊದಲು ಕಾಣುತ್ತದೆ, ಆಮೇಲೆ 'ಧಪ್' ಅಂತ ಕೇಳುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೂರು ಮೀಟರ್ ದೂರ ಇದ್ದರೆ ಏಳು ಫ್ರೇಮಿನಷ್ಟು ತಡ. ಹುಟ್ಟಿದಾಗಿನಿಂದ ನಮ್ಮ ಕಣ್ಣು ಕಿವಿಗೆ ಇದು ಅಭ್ಯಾಸ. ಚಿತ್ರ ಮೊದಲು, ಸದ್ದು ಆಮೇಲೆ. ಉಲ್ಟಾ ಆಗುವುದನ್ನು ಪ್ರಕೃತಿಯಲ್ಲಿ ನಾವು ನೋಡಿಯೇ ಇಲ್ಲ. ಟಿವಿ ಪ್ರಸಾರಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಒಂದು ಮಾನದಂಡ ಇದೆ. ಅದರ ಪ್ರಕಾರ ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂಚೆ ಬಂದರೆ ಜನ ಗುರುತು ಹಿಡಿಯುತ್ತಾರೆ. ತಡವಾಗಿ ಬಂದರೆ 125 ಮಿಲಿಸೆಕೆಂಡ್‌ವರೆಗೂ ಗೊತ್ತಾಗುವುದಿಲ್ಲ. ಒಂದು ಫ್ರೇಮ್ ಅಂದರೆ ಸುಮಾರು 42 ಮಿಲಿಸೆಕೆಂಡ್. ಅಂದರೆ ಚಿತ್ರ ಎರಡು ಫ್ರೇಮ್ ಮುಂಚೆ ಬಂದರೂ ಸೈ, ಎರಡು ಫ್ರೇಮ್ ತಡವಾದರೆ ಸಿಕ್ಕಿಬಿದ್ದ ಹಾಗೆ.

ನಾನು ಕೆಡಿಸಿದ್ದು

ನಾನೂ ಒಂದು ಮಾಡೋಣ ಅಂತ ಕೂತೆ. ಬಹಳ ಇಷ್ಟಪಟ್ಟ ಒಂದು ಸರಣಿ ಇತ್ತು. 12 ಕಂತು, ಒಂದೊಂದೂ 24 ನಿಮಿಷ. ಅದರಲ್ಲಿ ನನ್ನ ಕಣ್ಣು ಒದ್ದೆ ಮಾಡಿದ ಹತ್ತು ದೃಶ್ಯ ಎತ್ತಿಕೊಂಡೆ. ಒಂದು ಹಳೆಯ ಭಾವಗೀತೆ ಹಾಕಿದೆ. ಹೆಂಡತಿಗೆ ತೋರಿಸಿದೆ. ಅವಳು ಪೂರ್ತಿ ನೋಡಿ, "ಹಾಡು ಚೆನ್ನಾಗಿದೆ" ಅಂದಳು.

ಹುಡುಗನಿಗೆ ಕಳಿಸಿದೆ. ಅವನು ಹೇಳಿದ್ದು ಇಷ್ಟು: "ಮಾವ, ನೀವು ಸೀನ್‌ಗೆ ಹಾಡು ಹುಡ್ಕಿದ್ದೀರ. ಹಾಡಿಗೆ ಸೀನ್ ಹುಡುಕ್ಬೇಕು."

ಆ ಮಾತಿನಲ್ಲಿ ಎಲ್ಲ ಇದೆ. ನನ್ನ ಹತ್ತು ದೃಶ್ಯಗಳಲ್ಲಿ ಒಂದು ಹೀಗಿತ್ತು: ಒಬ್ಬ ಹುಡುಗ ಬಾಗಿಲು ಮುಚ್ಚುತ್ತಾನೆ. ಅಷ್ಟೇ. ಹನ್ನೊಂದು ಕಂತು ನೋಡಿದ ನನಗೆ ಆ ಬಾಗಿಲ ಹಿಂದೆ ಏನಿದೆ, ಅದು ಇನ್ನು ಯಾಕೆ ತೆರೆಯುವುದಿಲ್ಲ ಅಂತ ಗೊತ್ತು. ನಾಲ್ಕು ಗಂಟೆಗೂ ಜಾಸ್ತಿ ಕೂತು ನೋಡಿದ್ದರ ಭಾರ ಪೂರ್ತಿ ಆ ಬಾಗಿಲ ಮೇಲಿದೆ. ಹೆಂಡತಿಗೆ ಕಂಡಿದ್ದು ಒಂದು ಬಾಗಿಲು. ಕತ್ತರಿಸಿ ತೆಗೆದ ದೃಶ್ಯದ ಜೊತೆ ಅದರ ಹಿಂದಿನ ಕಥೆ ಬರುವುದಿಲ್ಲ. ಎಎಂವಿಯಲ್ಲಿ ಆ ಭಾರವನ್ನು ಹಾಡೇ ಹೊರಬೇಕು.

ಅವನ ಹತ್ತಿರ ಇರುವ ತುಣುಕುಗಳ ಫೋಲ್ಡರ್ ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಕಥೆ, ಪಾತ್ರ ಅಂತ ವಿಂಗಡಣೆಯೇ ಇಲ್ಲ. 'ಓಡೋದು', 'ಬೀಳೋದು', 'ಮಳೆ', 'ಕಣ್ಣು', 'ಎಡಗಡೆ ತಿರುಗೋದು', 'ಬಾಯಿ ಮುಚ್ಚಿರೋದು' ಅಂತ ಹೆಸರು. ಬಾಯಿ ಮುಚ್ಚಿರುವ ತುಣುಕಿಗೆ ಬಹಳ ಬೇಡಿಕೆ. ಹಾಡು ನಡೆಯುತ್ತಿರುವಾಗ ಪಾತ್ರ ಸುಮ್ನೆ ಬಾಯಿ ಅಲ್ಲಾಡಿಸುತ್ತಿದ್ದರೆ ಕೆಟ್ಟದಾಗಿ ಕಾಣುತ್ತದೆ. ಚಿತ್ರದ ಮೇಲೇ ಅಚ್ಚಾಗಿರುವ ಸಬ್‌ಟೈಟಲ್ ಇದ್ದರಂತೂ ಆ ತುಣುಕು ಕಸಕ್ಕೆ. ಇವನು ಅನಿಮೆ ನೋಡುವುದೇ ಹೀಗೆ: ಸದ್ದು ಬಂದ್ ಮಾಡಿ, ವೇಗ ಎರಡು ಪಟ್ಟು ಮಾಡಿ, ತರಕಾರಿ ಆರಿಸುವ ಹಾಗೆ ಆರಿಸುತ್ತಾ ಹೋಗುತ್ತಾನೆ. ಒಂದು ಪಾತ್ರವನ್ನು ಮೂರು ವಿಡಿಯೋದಲ್ಲಿ ಬಳಸಿದ್ದ. ಅವಳ ಸಾವಿನ ವಿಷಯ ನಾನು ಎತ್ತಿದಾಗ "ಆ ಹುಡ್ಗಿ ಸತ್ತೋಗ್ತಾಳಾ?" ಅಂತ ಬಾಯಿ ಬಿಟ್ಟ.

ಹಾಗಂತ ಅವನಿಗೆ ಅನಿಮೆ ಮೇಲೆ ಪ್ರೀತಿ ಕಡಿಮೆ ಅಂತಲ್ಲ. ಹೂವು ಕೊಳ್ಳುವವಳು ಬಣ್ಣ ನೋಡುತ್ತಾಳೆ, ಹೂವಾಡಗಿತ್ತಿ ಮೊಳ ನೋಡುತ್ತಾಳೆ. ಇಬ್ಬರ ಕೈಯಲ್ಲೂ ಇರುವುದು ಸೇವಂತಿಗೆಯೇ.

ಬರೀ ನೋಡುವವನಿಗೆ ಸಿಗುವುದೇನು?

ಇನ್ನು ನನ್ನ ಪಕ್ಷ. ಎಎಂವಿ ಮಾಡುವವನು ಮೊದಲು ಮಾಡುವ ಕೆಲಸ ಮೂಲದ ಸದ್ದು ತೆಗೆಯುವುದು. ಅದರ ಜೊತೆ ಎಷ್ಟೆಲ್ಲ ಹೋಗುತ್ತದೆ ಅಂತ ಯೋಚಿಸಿ. ದನಿ ಕೊಟ್ಟ ಕಲಾವಿದರು ಹೋದರು. ಹೆಜ್ಜೆ ಸಪ್ಪಳ ಹೋಯಿತು. ಅನಿಮೆಯಲ್ಲಿ ಬೇಸಿಗೆ ಅಂತ ತೋರಿಸಬೇಕಾದರೆ ಜೀರುಂಡೆ ಸದ್ದು ಹಾಕುತ್ತಾರೆ. ಯಾರೂ ಸೆಕೆ ಅನ್ನುವುದಿಲ್ಲ, ನಮಗೇ ಬೆವರು ಬರುತ್ತದೆ. ಅದೂ ಹೋಯಿತು.

ಎಲ್ಲಕ್ಕಿಂತ ದೊಡ್ಡ ನಷ್ಟ ಮೌನ. ಒಳ್ಳೆಯ ಅನಿಮೆಯಲ್ಲಿ ಏನೂ ನಡೆಯದ ಕ್ಷಣಗಳು ಬೇಕಾದಷ್ಟು ಇರುತ್ತವೆ. ಕರೆಂಟ್ ಕಂಬ, ಖಾಲಿ ಕ್ಲಾಸು, ನಲ್ಲಿಯಿಂದ ಬೀಳುವ ಒಂದು ಹನಿ. ಜಪಾನೀಯರು ಈ ಬಿಡುವಿಗೆ 'ಮಾ' ಅನ್ನುತ್ತಾರೆ. ಎರಡು ಮಾತಿನ ನಡುವೆ ಉಸಿರಾಡುವ ಜಾಗ ಅಂತ ಇಟ್ಟುಕೊಳ್ಳಿ. ಹಾಡು ಬಂದು ಕೂತರೆ ಆ ಜಾಗ ಇರುವುದಿಲ್ಲ. ನಮ್ಮ ಹುಡುಗನಿಗೆ ಕಂಬದ ಚಿತ್ರ 'ಉಪಯೋಗ ಇಲ್ಲ'. ನಾನು ಅನಿಮೆ ನೋಡುವುದೇ ಅದಕ್ಕೆ.

ಇಷ್ಟಾದರೂ ನೋಡುವವನ ಕಡೆ ಒಂದು ಸೋಲು ಇದೆ, ಮುಚ್ಚಿಡುವುದಿಲ್ಲ. ನಾವು ನಿಜವಾಗಿ ನೋಡುವುದು ಕಡಿಮೆ, ಓದುವುದು ಜಾಸ್ತಿ. ಮಾತು ಜಪಾನಿ, ಸಬ್‌ಟೈಟಲ್ ಇಂಗ್ಲಿಷ್, ತಲೆಯೊಳಗೆ ಕನ್ನಡ. ಕಣ್ಣು ಯಾವಾಗಲೂ ತೆರೆಯ ಕೆಳಗಡೆ ನೆಟ್ಟಿರುತ್ತದೆ. ಈಚೆಗೆ ಹಿಂದಿ, ತಮಿಳು, ತೆಲುಗಿಗೆ ಡಬ್ ಆದ ಅನಿಮೆ ಬರುತ್ತಿವೆ, ಕನ್ನಡದ್ದು ಅಪರೂಪ. ಭಾರತ ಮತ್ತು ಜಪಾನಿನವರು ಸೇರಿ ತೊಂಬತ್ತರ ದಶಕದಲ್ಲಿ ಮಾಡಿದ ರಾಮಾಯಣದ ಅನಿಮೆ 2025ರ ಜನವರಿಯಲ್ಲಿ ನಮ್ಮ ಥಿಯೇಟರುಗಳಿಗೆ ಬಂದಾಗಲೂ ಹಿಂದಿ, ತಮಿಳು, ತೆಲುಗು, ಇಂಗ್ಲಿಷಿನಲ್ಲಿ ಬಂತು. ನಮ್ಮ ರಾಮ ನಮ್ಮ ಭಾಷೆ ಬಿಟ್ಟು ಎಲ್ಲ ಆಡಿದ.

ಹಾಗಾಗಿ ಕನ್ನಡ ಹಾಡಿಗೆ ಮಾಡಿದ ಎಎಂವಿ ನೋಡಿದಾಗ ನನಗೆ ಆಗುವ ಖುಷಿ ಬೇರೆ. ಓದುವ ಕೆಲಸ ಇಲ್ಲ. ಮೊದಲ ಸಲ ಕಣ್ಣು ತೆರೆಯ ಮೇಲ್ಭಾಗಕ್ಕೆ ಹೋಗುತ್ತದೆ. ಅಯ್ಯೋ, ಇಲ್ಲಿ ಮೋಡ ಬರೆದಿದ್ದಾರೆ! ಆ ದೃಶ್ಯವನ್ನು ನಾಲ್ಕು ಸಲ ನೋಡಿದ್ದೆ, ಮೋಡ ನೋಡಿರಲಿಲ್ಲ.

ಕಾಪಿರೈಟ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಚಿತ್ರವೂ ಬೇರೆಯವರದು, ಹಾಡೂ ಬೇರೆಯವರದು. ನಮ್ಮ 1957ರ ಕಾಪಿರೈಟ್ ಕಾಯಿದೆಯ 52ನೇ ಸೆಕ್ಷನ್ನಿನಲ್ಲಿ ಸ್ವಂತ ಬಳಕೆ, ವಿಮರ್ಶೆ, ಸುದ್ದಿ ಇಂಥವಕ್ಕೆ ವಿನಾಯಿತಿ ಇದೆ. ಅಭಿಮಾನಿ ವಿಡಿಯೋ ಅಂತ ಹೆಸರಿಟ್ಟು ಬಿಟ್ಟಿಲ್ಲ. ಅಮೆರಿಕದ ಕಾನೂನಿನ 'ಫೇರ್ ಯೂಸ್' (ನ್ಯಾಯವಾದ ಬಳಕೆ) ಮಾತನ್ನು ಇಲ್ಲಿ ಹೇಳಿಕೊಂಡರೆ ಪ್ರಯೋಜನ ಇಲ್ಲ. "ಹಕ್ಕುಗಳೆಲ್ಲ ಮೂಲದವರದು" ಅಂತ ಕೆಳಗೆ ಬರೆದರೂ ರಕ್ಷಣೆ ಸಿಗುವುದಿಲ್ಲ. ಏಟು ಬೀಳುವುದು ಹಾಡಿನ ಕಡೆಯಿಂದಲೂ ಹೌದು. 2005ರಲ್ಲಿ ವಿಂಡ್-ಅಪ್ ರೆಕಾರ್ಡ್ಸ್ ಎಂಬ ಅಮೆರಿಕದ ಕಂಪನಿ ತನ್ನ ಹಾಡು ಬಳಸಿದ ಎಎಂವಿಗಳನ್ನು ಒಂದು ದೊಡ್ಡ ಎಎಂವಿ ಜಾಲತಾಣದಿಂದ ತೆಗೆಸಿತು. 2007ರಲ್ಲಿ ಯೂಟ್ಯೂಬ್ ಕಂಟೆಂಟ್ ಐಡಿ ತಂದಮೇಲೆ ಈ ಕೆಲಸ ಯಂತ್ರದ್ದಾಯಿತು. ಹಾಡಿನ ಗುರುತನ್ನು ಅದೇ ಹೋಲಿಸಿ ನೋಡುತ್ತದೆ. ತಡೆಯಬೇಕಾ, ಜಾಹೀರಾತು ಹಾಕಿ ದುಡ್ಡು ತಾನು ಇಟ್ಟುಕೊಳ್ಳಬೇಕಾ, ಸುಮ್ನೆ ಲೆಕ್ಕ ಇಡಬೇಕಾ ಅಂತ ಹಕ್ಕುದಾರರು ಮೊದಲೇ ಹೇಳಿಟ್ಟಿರುತ್ತಾರೆ.

ಹಾಡಿನ ತಲೆನೋವೇ ಬೇಡ ಅಂತ ಹುಡುಗ ಹೋದ ವರ್ಷ ಒಂದು ಉಪಾಯ ಮಾಡಿದ. ಮದ್ದೂರಿನ ಕಡೆ ಅವರಪ್ಪನ ಊರು. ಅಲ್ಲಿ ಮಾರಿಹಬ್ಬದಲ್ಲಿ ತಮಟೆ ಬಡಿಯುವುದನ್ನು ಫೋನಿನಲ್ಲಿ ಹಿಡಿದುಕೊಂಡ. ತೀರಾ ಹತ್ತಿರ ಹೋದರೆ ಸದ್ದು ಒಡೆದುಹೋಗುತ್ತದೆ ಅಂತ ಜಗಲಿ ಮೇಲೆ ನಿಂತು ಹಿಡಿದ. ಅದಕ್ಕೆ ಒಂದು ಕತ್ತಿವರಸೆ ಅನಿಮೆಯ ಕಾಳಗ ಜೋಡಿಸಲು ಕೂತ.

ಇಲ್ಲಿ ಮೇಲಿನ ಲೆಕ್ಕ ಯಾವುದೂ ನಡೆಯಲಿಲ್ಲ. ತಮಟೆಯವರು ಗಡಿಯಾರ ನೋಡಿ ಬಡಿಯುವುದಿಲ್ಲ. ಕುಣಿಯುವವರಿಗೆ ಹುರುಪು ಬಂದರೆ ಇವರೂ ಏರುತ್ತಾರೆ. ನಿಮಿಷಕ್ಕೆ ಇಷ್ಟು ಬೀಟ್ ಅಂತ ಗೆರೆ ಎಳೆದರೆ ಎಂಟನೇ ಏಟಿಗೇ ತಪ್ಪುತ್ತದೆ. ಅವನು ಹೆಡ್‌ಫೋನ್ ಹಾಕಿಕೊಂಡು, ಏಟು ಬಿದ್ದಾಗಲೆಲ್ಲ ಕೀಬೋರ್ಡಿನ ಎಂ ಬಟನ್ ಒತ್ತಿ ಗುರುತು ಹಾಕುತ್ತಾ ಹೋದ. ಒಂದು ರಾತ್ರಿ ಪೂರ್ತಿ. ಟೈಮ್‌ಲೈನಿನ ಮೇಲೆ ಇರುವೆ ಸಾಲಿನ ಹಾಗೆ ಗುರುತು. ಕೊನೆಗೆ ಹೋಗುತ್ತಾ ಇರುವೆಗಳು ಒಂದಕ್ಕೊಂದು ಹತ್ತಿರ ಆಗುವುದು ಕಾಣುತ್ತಿತ್ತು.

ಒಂದು ಕಡೆ ಮಾತ್ರ ಕೈಕೊಟ್ಟಿತು. ಎರಡನೇ ನಿಮಿಷದಲ್ಲಿ ಮುದುಕನೊಬ್ಬ ಕತ್ತಿ ಬೀಸುತ್ತಾನೆ. ಅದ್ಭುತವಾದ ದೃಶ್ಯ. ಅಲ್ಲಿ ಏಟು ಇಲ್ಲ. ಇವನು ರೆಕಾರ್ಡಿಂಗ್ ಶುರುವಿನಿಂದ ಒಂದು ಏಟನ್ನು ಕಾಪಿ ಮಾಡಿ ತಂದು ಅಲ್ಲಿ ಅಂಟಿಸಿದ. ನನಗೆ ತೋರಿಸಿದ. ಹತ್ತು ಸಲ ಕೇಳಿದರೂ ನನಗೆ ಏನೂ ಗೊತ್ತಾಗಲಿಲ್ಲ.

ಬೇರೆಯವರ ದುಡಿಮೆ ಎತ್ತಿಕೊಂಡಿದ್ದೀಯ, ಕೇಳಿ ಮಾಡಬೇಕು ಅಂತ ನಾನೇ ಒತ್ತಾಯ ಮಾಡಿದೆ. ನುಡಿಸಿದವರಿಗೂ ಕಾನೂನಿನಲ್ಲಿ ಹಕ್ಕಿದೆ. ಒಂದು ಭಾನುವಾರ ಇಬ್ಬರೂ ಊರಿಗೆ ಹೋದೆವು. ತಮಟೆ ತಂಡದ ಹಿರಿಯರು ಮನೆ ಮುಂದೆ ಕೂತಿದ್ದರು. ಹುಡುಗ "ಅಣ್ಣ, ನಿಮ್ ತಮಟೆ ಹಾಕೊಂಡಿದ್ದೀನಿ, ಒಂದ್ಸಲ ನೋಡಿ" ಅಂತ ಫೋನ್ ಕೈಗೆ ಕೊಟ್ಟ. ಅವರು ಫೋನನ್ನು ಮುಖದ ಮುಂದೆ ಹಿಡಿಯಲಿಲ್ಲ. ಕಿವಿಗೆ ಇಟ್ಟುಕೊಂಡರು. ಕತ್ತಿ, ಮುದುಕ, ಮಳೆ, ಎಲ್ಲ ಅವರ ಕೆನ್ನೆಯ ಪಕ್ಕ ಓಡುತ್ತಿತ್ತು.

ಎರಡನೇ ನಿಮಿಷಕ್ಕೆ ಹುಬ್ಬು ಗಂಟಿಕ್ಕಿದರು. "ಇದ್ಯಾವ್ ಏಟ್ಲಾ?"

ಇವನು ಸುಮ್ಮನಿದ್ದ.

"ಇದು ಆಗ್ತಾನೆ ಬೆಂಕಿಗೆ ಹಿಡ್ದು ಕಾಯ್ಸಿದ್ ಚರ್ಮದ್ ಏಟು ಕಣಪ್ಪ. ಇಲ್ಲಿಗಾಗ್ಲೇ ಆರಿ ಸಡ್ಲ ಆಗಿರ್ತದೆ. ಇಲ್ಲಿಗೆಂಗ್ ಬಂತು?"

ಹಾಕಿಕೊಳ್ಳೋಕೆ ಒಪ್ಪಿಗೆ ಕೊಟ್ಟರು. ಆದರೆ ಆ ಏಟು ತೆಗಿ ಅಂದರು. ಏಟು ತೆಗೆದರೆ ಮುದುಕನ ಕತ್ತಿ ಸದ್ದಿಲ್ಲದೆ ಬೀಳುತ್ತದೆ. ಕತ್ತಿಯನ್ನು ಮುಂದಿನ ಏಟಿಗೆ ಸರಿಸಿದರೆ ಅದರ ಹಿಂದಿನ ಮೂವತ್ತು ತುಣುಕೂ ಅಲ್ಲಾಡಬೇಕು. ವಾಪಸ್ ಬರುವಾಗ ದಾರಿಯುದ್ದಕ್ಕೂ ಅವನು ಒಂದು ಮಾತೂ ಆಡಲಿಲ್ಲ. ಬೆರಳು ಮಾತ್ರ ತೊಡೆಯ ಮೇಲೆ ಎಂ ಬಟನ್ ಒತ್ತುತ್ತಲೇ ಇತ್ತು.